ತಲೆಕೆಳಗಾಗಿ ಕಲಿತ ದೇಹ

ಬೋದಿಲ್ ಅಡುಗೆಮನೆಯ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಪ್ರಶ್ನೆ ಬರೆದ ಹದಿನಾಲ್ಕು ಚೀಟಿಗಳನ್ನು ಮಗುಚಿ ಸಾಲಾಗಿ ಇಟ್ಟಳು. ಮೌಖಿಕ ಪರೀಕ್ಷೆಯ ಕೋಣೆಯಲ್ಲಿ ಹೇಗಿರುತ್ತದೋ ಮನೆಯಲ್ಲೂ ಹಾಗೇ ಇರಬೇಕು ಎಂದು ಅವಳ ಹಟ. ಬಟ್ಟೆ ಮಾತ್ರ ಕ್ರಿಸ್‌ಮಸ್ ಹಬ್ಬದ್ದು, ಅಂಚಿನಲ್ಲಿ ಕೆಂಪು ಟೋಪಿಯ ಕುಳ್ಳರು ಕೈಕೈ ಹಿಡಿದು ಕುಣಿಯುತ್ತಿದ್ದರು. ಮೇಜಿನ ಆ ಕಡೆ ಪರೀಕ್ಷಕನ ಜಾಗದಲ್ಲಿ ಗಂಡ ಐವಿನ್ ಕೂತಿದ್ದ. ಅವನು ಮೂವತ್ತು ವರ್ಷದಿಂದ ಫ್ಯೋರ್ಡಿನಲ್ಲಿ, ನೆಲದೊಳಗೆ ಚಾಚಿದ ಕಡಲ ಕೊಲ್ಲಿಯಲ್ಲಿ, ದೋಣಿ ಹಾಕಿಕೊಂಡು ನೀಲಿ ಚಿಪ್ಪಿನ ಮೀನು ಹಿಡಿಯುವವನು. ಜೀವಶಾಸ್ತ್ರ, ರಸಾಯನಶಾಸ್ತ್ರ ಎಂದರೆ ಅವನಿಗೆ ಅಷ್ಟಕ್ಕಷ್ಟೇ. ಆದರೂ ಹೆಂಡತಿ ಹೇಳಿದ್ದಕ್ಕೆ ಶುಭ್ರವಾದ ಅಂಗಿ ಹಾಕಿಕೊಂಡು, ಓದುವ ಕನ್ನಡಕ ಏರಿಸಿ, ಮುಖ ಗಂಟು ಹಾಕಿಕೊಂಡು ಕೂತಿದ್ದ.

ಪರೀಕ್ಷೆಗೆ ಇನ್ನು ಒಂಬತ್ತು ದಿನವಿತ್ತು. ಹೋದ ಜೂನಿನಲ್ಲಿ ಇದೇ ಪರೀಕ್ಷೆಯಲ್ಲಿ ಅವಳಿಗೆ ಸೊನ್ನೆ ಸೊನ್ನೆ ಬಂದಿತ್ತು. ಪಾಸಾಗಲು ಹನ್ನೆರಡಕ್ಕೆ ಎರಡಾದರೂ ಬರಬೇಕು. ಸೊನ್ನೆ ಒಂದೇ ಬರೆದರೆ ಸಾಲದೇನೋ ಎಂದು ಅದನ್ನು ಜೋಡಿಯಾಗಿ ಬರೆಯುತ್ತಾರೆ ನಮ್ಮ ಶಿಕ್ಷಣ ಇಲಾಖೆಯವರು. ಓಲ್ಬೋರ್ಗಿನ ಕಾಲೇಜಿನಲ್ಲಿ ಆಸ್ಪತ್ರೆಯ ಪ್ರಯೋಗಾಲಯದ ಕೆಲಸ ಕಲಿಸುತ್ತಾರೆ. ಅಲ್ಲಿ ಅವಳಿಗೆ ಒಂದು ಜಾಗವನ್ನು ಹೋದ ವರ್ಷವೇ ಕೊಟ್ಟಿದ್ದರು, ಈ ಒಂದು ಪರೀಕ್ಷೆ ಮುಗಿಸಿಕೊಂಡು ಬಾ ಎಂದು ವರ್ಷ ಕಾದರು. ಎರಡನೇ ವರ್ಷ ಕಾಯುವುದಿಲ್ಲ ಎಂದು ಕಾಗದ ಬಂದಿತ್ತು. ಅವಳಿಗೆ ನಲವತ್ತೆಂಟು. ಈ ಸಲವೂ ತಪ್ಪಿದರೆ ಮತ್ತೆ ಕಸಾಯಿಖಾನೆಯ ಸಾಲಿನಲ್ಲೇ ನಿಲ್ಲಬೇಕು, ಬಲಭುಜ ಎಷ್ಟು ದಿನ ನಿಲ್ಲಿಸುತ್ತದೋ ಅಷ್ಟು ದಿನ.

ಸಾಲು ಎಂದರೆ ಅವಳ ಇಪ್ಪತ್ತಾರು ವರ್ಷದ ಬದುಕು. ಒಂಬತ್ತನೇ ತರಗತಿ ಮುಗಿದಾಗ ಮೇಷ್ಟರು ಅವಳ ಅಪ್ಪನ ಹತ್ತಿರ, ಹುಡುಗಿಯ ಕೈ ಚುರುಕು ಎಂದು ಹೇಳಿದ್ದರು. ತಲೆಯೂ ಚುರುಕು ಎಂದು ಸೇರಿಸಲು ಆ ಪುಣ್ಯಾತ್ಮನಿಗೆ ನೆನಪಾಗಲಿಲ್ಲ. ಅಪ್ಪ ಕೈಯನ್ನೇ ಹಿಡಿದುಕೊಂಡ. ಮೊದಲು ಬೇಕರಿ, ಆಮೇಲೆ ಮೀನಿನ ಕಾರ್ಖಾನೆ, ಇಪ್ಪತ್ತೆರಡಕ್ಕೆ ಕಸಾಯಿಖಾನೆ. ಅಲ್ಲಿ ಹಂದಿಗಳು ಹಿಂಗಾಲಿನಿಂದ ತೂಗುತ್ತ, ಸೀಳಿದ ಹೊಟ್ಟೆಯನ್ನು ಇವಳ ಕಡೆ ಮಾಡಿಕೊಂಡು, ಒಂದರ ಹಿಂದೊಂದು ಬರುತ್ತವೆ. ಬೋದಿಲ್ ಎಡಗೈ ಒಳಗೆ ಹಾಕಿ, ಬಲಗೈಯ ಚಾಕುವಿನಿಂದ ಎರಡು ಗೀರು ಹಾಕಿ, ಪಿತ್ತಜನಕಾಂಗ, ಶ್ವಾಸಕೋಶ, ಹೃದಯ, ಗಂಟಲ ಕೊಳವೆ, ನಾಲಿಗೆ ಎಲ್ಲವನ್ನೂ ಒಂದೇ ಗೊಂಚಲಾಗಿ ಎಳೆದು ಪಕ್ಕದ ಕೊಂಡಿಗೆ ತೂಗುಹಾಕಬೇಕು. ಆ ಹೊತ್ತಿಗೆ ಮುಂದಿನದು ಬಂದಿರುತ್ತದೆ. ಬೆಳಗಿನ ಜಾವ ಐದಕ್ಕೆ ಶುರುವಾದರೆ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತಿತ್ತು. ಮೋರ್ಸ್ ದ್ವೀಪದ ಆ ಕಾರ್ಖಾನೆಯಲ್ಲಿ ಅವಳಷ್ಟು ಚೊಕ್ಕಟವಾಗಿ ಗೊಂಚಲು ಇಳಿಸುವವರು ಇನ್ನೊಬ್ಬರಿರಲಿಲ್ಲ, ಪಿತ್ತಕೋಶ ಒಡೆದು ಮಾಂಸ ಹಾಳಾದದ್ದು ಅವಳ ಕೈಯಲ್ಲಿ ಇಲ್ಲವೇ ಇಲ್ಲ.

ಮೂರು ವರ್ಷದ ಹಿಂದೆ ಭುಜ ಕೈಕೊಟ್ಟಿತು. ಆಸ್ಪತ್ರೆಗೆ ಹೋದಾಗ ರಕ್ತ ತೆಗೆದ ಹೆಂಗಸು ಇವಳ ಕುತೂಹಲ ನೋಡಿ ಒಳಗೆ ಕರೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಡಿಸಿದಳು. ತನ್ನದೇ ರಕ್ತದ ಕಣಗಳು, ಮಧ್ಯೆ ತಗ್ಗಿರುವ ಪುಟ್ಟ ಬಿಲ್ಲೆಗಳು, ತೇಲುತ್ತಿದ್ದವು. ಇಷ್ಟು ವರ್ಷ ಮೊಣಕೈತನಕ ಅದರಲ್ಲೇ ಮುಳುಗಿ ಒಂದು ದಿನವೂ ನೋಡಿರಲಿಲ್ಲವಲ್ಲ ಎಂದು ಬೋದಿಲ್‌ಗೆ ನಾಚಿಕೆಯಾಯಿತು. ಮನೆಗೆ ಬಂದವಳೇ ಗಂಡನಿಗೆ, ನಾನು ಓದ್ತೀನಿ ಎಂದಳು. ಅವನು ಆಲೂಗಡ್ಡೆ ಸುಲಿಯುತ್ತಿದ್ದವನು ತಲೆ ಎತ್ತದೆ, ಓದು ಎಂದ. ಅವನ ಹತ್ತಿರ ಅದಕ್ಕಿಂತ ದೊಡ್ಡ ಭಾಷಣ ಯಾರೂ ಕೇಳಿದ್ದಿಲ್ಲ.

ವಯಸ್ಕರ ಶಾಲೆಯಲ್ಲಿ ಡೇನಿಷ್, ಇಂಗ್ಲಿಷ್, ಗಣಿತ ಎಲ್ಲ ಪಾಸಾದಳು. ಉಳಿದದ್ದು ಜೀವಶಾಸ್ತ್ರ, ರಸಾಯನಶಾಸ್ತ್ರ ಕೂಡಿಸಿದ ಈ ಒಂದು ವಿಷಯ. ವಿಚಿತ್ರವೆಂದರೆ ಅವಳಿಗೆ ಬಹಳ ಇಷ್ಟವಾದದ್ದೂ ಇದೇ. ಹೋದ ವರ್ಷ ಅವಳಿಗೆ ಸಿಕ್ಕ ಚೀಟಿ ಜೀರ್ಣಾಂಗಗಳದ್ದು. ಇದಕ್ಕಿಂತ ಸುಲಭದ್ದು ಉಂಟೇ ಎಂದುಕೊಂಡು ಹಲಗೆಯ ಮೇಲೆ ಸರಸರ ಚಿತ್ರ ಬರೆದಳು. ಹಿಂದಿರುಗಿ ನೋಡಿದರೆ ಮೇಷ್ಟರು ಲಾವ್ರಿಡ್ಸ್, ಹೊರಗಿನಿಂದ ಬಂದ ಪರೀಕ್ಷಕ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರೀಕ್ಷಕ ಮೆಲ್ಲಗೆ, ಬಾಯಿ ಎಲ್ಲಿದೆ ತೋರಿಸಿ ಎಂದ. ಬೋದಿಲ್ ತೋರಿಸಿದಳು. ಮತ್ತೆ ಅದೇ ನೋಟ. ಏನು ತಪ್ಪಾಯಿತು ಎಂದು ತಿಳಿಯದೆ ಅವಳ ಬಾಯಿಗೆ ಬೀಗ ಬಿದ್ದಂತಾಯಿತು. ಉಳಿದ ಹದಿನೈದು ನಿಮಿಷ ನೆಲ ನೋಡುತ್ತ ನಿಂತಳು. ಅಂಗಗಳು ದೇಹದಲ್ಲಿ ಎಲ್ಲೆಲ್ಲಿವೆ ಎಂಬ ಮೂಲಭೂತ ತಿಳಿವಳಿಕೆಯೇ ಇಲ್ಲ ಎಂದು ಕಾರಣ ಕೊಟ್ಟರು. ಇಪ್ಪತ್ತೈದು ವರ್ಷ ಅದನ್ನೇ ಮುಟ್ಟಿ ಬದುಕಿದವಳಿಗೆ ಆ ಮಾತು. ಅವಳು ಎದುರಾಡಲಿಲ್ಲ. ತನಗೇ ಏನೋ ತಲೆಯಲ್ಲಿ ಕಡಿಮೆ ಎಂದು ನಂಬಿಕೊಂಡು ಬಂದು, ವರ್ಷವಿಡೀ ಪುಸ್ತಕವನ್ನು ಅರೆದು ಕುಡಿದಳು.

ಮನೆಯ ಪರೀಕ್ಷೆಯಲ್ಲಿ ಮೊದಲ ದಿನ ಬಂದ ಚೀಟಿ ಜೀವಕೋಶದ ಪೊರೆ, ನೀರು ಮತ್ತು ಉಪ್ಪು. ಉಪ್ಪು ಹೆಚ್ಚಿರುವ ಕಡೆಗೆ ನೀರು ಪೊರೆಯ ಮೂಲಕ ನುಗ್ಗುತ್ತದೆ ಎಂದು ಬೋದಿಲ್ ವಿವರಿಸುತ್ತಿದ್ದಂತೆ ಪರೀಕ್ಷಕ ಮಹಾಶಯ ಕನ್ನಡಕ ತೆಗೆದು ಎದ್ದು ಕೂತ. ಮಳೆ ಜಾಸ್ತಿಯಾಗಿ ಫ್ಯೋರ್ಡಿಗೆ ಸಿಹಿನೀರು ಬಂದಾಗ ಚಿಪ್ಪುಗಳು ಬಾಯಿ ಬಿಗಿದುಕೊಂಡು ದಿನಗಟ್ಟಲೆ ತೆರೆಯುವುದಿಲ್ಲವಲ್ಲ, ಅದು ಇದಕ್ಕೇ ಏನು ಎಂದು ಕೇಳಿದ. ಅದಕ್ಕೇ ಎಂದಳು. ತೆರೆದರೆ ಒಳಗಿನ ಉಪ್ಪಿಗೆ ನೀರು ನುಗ್ಗಿ ಉಬ್ಬುತ್ತವೆ. ಐವಿನ್ ಕನ್ನಡಕ ಮತ್ತೆ ಏರಿಸಿ ಚೀಟಿಯನ್ನು ತಾನೇ ಓದಿದ. ತನ್ನ ಅಪ್ಪನೂ ಅಜ್ಜನೂ ಇದಕ್ಕೆ ಬೇರೇನೋ ಕಾರಣ ಹೇಳುತ್ತಿದ್ದರು ಎಂದ. ಅವತ್ತಿನಿಂದ ಅವನು ಕರೆಯದಿದ್ದರೂ ಬಂದು ಕೂರತೊಡಗಿದ.

ಪರಮಾಣು, ಅಣು, ಆಮ್ಲ, ಪ್ರತ್ಯಾಮ್ಲ ಎಲ್ಲ ಒಂದೊಂದಾಗಿ ಮುಗಿದವು. ಸಮೀಕರಣದ ಎರಡು ಕಡೆ ಸರಿದೂಗಿಸುವಾಗ ಮಾತ್ರ ಬೋದಿಲ್ ಆಗಾಗ ಒಂದು ಆಮ್ಲಜನಕವನ್ನು ಎಲ್ಲೋ ಕಳೆದುಕೊಳ್ಳುತ್ತಿದ್ದಳು. ಐವಿನ್ ಮೇಜಿನ ಕೆಳಗೆ ಬಗ್ಗಿ ಹುಡುಕಿದಂತೆ ಮಾಡುತ್ತಿದ್ದ. ಅವಳು ಹಾಳೆಯಲ್ಲಿ ಅವನ ತಲೆಗೆ ಹೊಡೆಯುತ್ತಿದ್ದಳು.

ಮೂರನೇ ದಿನ ಹೃದಯದ ಚೀಟಿ ಬಂತು. ಪುಸ್ತಕ ಐವಿನ್ ಕೈಯಲ್ಲಿತ್ತು. ಬೋದಿಲ್ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹಾಳೆಯ ಮೇಲೆ ಹೃದಯ, ಶ್ವಾಸಕೋಶ, ದೊಡ್ಡ ರಕ್ತನಾಳ, ಪಿತ್ತಜನಕಾಂಗ ಎಲ್ಲ ಬರೆದು, ಅವನಿಗೆ ನೇರವಾಗಿ ಕಾಣುವಂತೆ ತಿರುಗಿಸಿ ಮುಂದೆ ತಳ್ಳಿದಳು. ಅವನು ಪುಸ್ತಕ ನೋಡಿದ, ಹಾಳೆ ನೋಡಿದ, ಮತ್ತೆ ಪುಸ್ತಕ ನೋಡಿದ. ಆಮೇಲೆ ಹಾಳೆಯನ್ನು ಬುಡಮೇಲು ಮಾಡಿ ಪುಸ್ತಕದ ಪಕ್ಕದಲ್ಲಿಟ್ಟ.

“ಬೋದಿಲ್, ನಿನ್ ಮನುಷ್ಯ ತಲೆಕೆಳಗೆ ನೇತಾಡ್ತಿದಾನಲ್ಲೇ.”

ಅವಳು ಮೊದಲು ತಮಾಷೆ ಎಂದುಕೊಂಡಳು. ಐವಿನ್ ನಗಲಿಲ್ಲ. ನೀನು ಪುಸ್ತಕದಲ್ಲೂ ಚಿತ್ರ ಬಂದಾಗಲೆಲ್ಲ ಪುಸ್ತಕವನ್ನೇ ತಿರುಗಿಸಿ ನೋಡುತ್ತೀಯ, ಅಕ್ಷರಕ್ಕೆ ಒಂದು ಕಡೆ, ಚಿತ್ರಕ್ಕೆ ಒಂದು ಕಡೆ, ವರ್ಷದಿಂದ ನೋಡುತ್ತಿದ್ದೇನೆ, ಓದಿದವರು ಹಾಗೇ ಮಾಡುತ್ತಾರೇನೋ ಎಂದುಕೊಂಡಿದ್ದೆ ಎಂದ. ಬೋದಿಲ್ ಹಾಳೆಯನ್ನು ಕೈಗೆತ್ತಿಕೊಂಡಳು. ಗಂಟಲು ಕೆಳಗಿತ್ತು, ಪಿತ್ತಜನಕಾಂಗ ಮೇಲಿತ್ತು, ಅದೂ ಹಾಳೆಯ ಬಲಗಡೆ, ಪುಸ್ತಕದಲ್ಲಿ ಅದು ಎಡಗಡೆ. ಕೊಂಡಿಗೆ ಹಿಂಗಾಲು ಸಿಕ್ಕಿಸಿ ತೂಗಿದ ಹಂದಿಯಲ್ಲಿ ಇದ್ದದ್ದು ಇದ್ದ ಹಾಗೇ ಇತ್ತು. ದೇಹ ಎಂಬುದನ್ನು ಅವಳು ಇಪ್ಪತ್ತಾರು ವರ್ಷ ಬೇರೆ ಯಾವ ಭಂಗಿಯಲ್ಲೂ ಒಳಗಿನಿಂದ ನೋಡಿರಲಿಲ್ಲ. ಕೈ ತಾನು ಕಂಡದ್ದನ್ನು ಬರೆದಿತ್ತು, ಕಣ್ಣು ಅದನ್ನು ಸರಿ ಎಂದಿತ್ತು.

ಹೋದ ವರ್ಷ ಹಲಗೆಯ ಮೇಲೆ ಬಾಯನ್ನು ಎಲ್ಲಿ ತೋರಿಸಿದ್ದೆ ಎಂದು ಅವಳಿಗೆ ಆಗ ಹೊಳೆಯಿತು. ಚೀಟಿಗಳನ್ನೆಲ್ಲ ಬಾಚಿ ಡಬ್ಬಿಗೆ ತುಂಬಿ, ಸಾಕು ಇವತ್ತಿಗೆ ಎಂದು ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆಯತೊಡಗಿದಳು. ಅತ್ತಳೋ ಇಲ್ಲವೋ ಐವಿನ್‌ಗೆ ಗೊತ್ತಾಗಲಿಲ್ಲ, ಹಾಸು ಹೊದಿಕೆಗಳು ಅಡ್ಡ ಇದ್ದವು.

ಉಳಿದ ಆರು ದಿನ ಅವಳು ಕೈಗೆ ಹೊಸ ಪಾಠ ಕಲಿಸಲು ಹೆಣಗಿದಳು. ಮಧ್ಯಾಹ್ನ ಕೆಲಸ ಬಿಟ್ಟು ಬಂದು, ರೈ ಧಾನ್ಯದ ರೊಟ್ಟಿಯ ಮೇಲೆ ಏನಾದರೂ ಹಚ್ಚಿಕೊಂಡು ತಿಂದು, ಸಂಜೆಯವರೆಗೂ ಬರೆದು ಹರಿದು ಹಾಕಿದ್ದೇ ಹಾಕಿದ್ದು. ಗಂಟಲನ್ನು ಮೇಲೆ ತಂದರೆ ಎಡಬಲ ಅದಲುಬದಲಾಗುತ್ತಿತ್ತು. ಎಡಬಲ ಸರಿಮಾಡಿದರೆ ರಕ್ತನಾಳಗಳು ಗೋಜಲಾಗುತ್ತಿದ್ದವು. ಬೆಳಗಾದರೆ ಮತ್ತೆ ಸಾಲಿಗೆ ಹೋಗಿ ಸಾವಿರಾರು ತಲೆಕೆಳಗಾದ ಹಂದಿಗಳ ಮುಂದೆ ನಿಲ್ಲಬೇಕು. ಸಂಜೆ ಕಲಿತದ್ದನ್ನು ಬೆಳಗಿನ ಕೆಲಸ ಅಳಿಸಿಹಾಕುತ್ತಿತ್ತು. ಭುಜವೂ ಮಾತು ಕೇಳುತ್ತಿರಲಿಲ್ಲ. ಹೋದ ಚಳಿಗಾಲದಿಂದ ಬಲಗೈಯನ್ನು ಹೆಗಲಿನ ಮಟ್ಟಕ್ಕೆ ಎತ್ತುವುದೇ ಕಷ್ಟವಾಗಿತ್ತು.

ಐವಿನ್‌ನ ಪರಿಹಾರ ಸರಳವಾಗಿತ್ತು. ಅವರಿಗೆ ಹೇಳಿಬಿಡು ಎಂದ.

“ಏನಂತ ಹೇಳ್ಲಿ ಮಾರಾಯಾ? ನಾನ್ ಹಂದಿ ಕರುಳು ಕೀಳೋಳು, ಅದಕ್ಕೇ ಹಿಂಗೆ ಅಂತಾನಾ?”

“ಹೌದು. ನೀನು ಅದೇ ಅಲ್ವಾ?”

“ನಗ್ತಾರೆ ಕಣೋ.”

ನಕ್ಕರೆ ನಗಲಿ, ಅವರ ಮನೆಯಲ್ಲೂ ಭಾನುವಾರ ಹಂದಿ ಹುರಿಯುತ್ತಾರೆ ಎಂದ ಐವಿನ್. ಬೋದಿಲ್ ಒಪ್ಪಲಿಲ್ಲ. ಶಾಲೆಯಲ್ಲಿ ಮೊದಲ ದಿನ ಎಲ್ಲರೂ ಸುತ್ತ ಕೂತು ತಮ್ಮ ಕೆಲಸ ಹೇಳಿಕೊಂಡಾಗ ಅವಳು ಆಹಾರ ಉದ್ಯಮ ಎಂದಷ್ಟೇ ಹೇಳಿದ್ದಳು. ಪಕ್ಕದಲ್ಲಿದ್ದ ಇಪ್ಪತ್ತರ ಹುಡುಗಿಯರು ಮಾಂಸ ಮುಟ್ಟದವರು, ಅವರ ನೀರಿನ ಬಾಟಲಿಗಳ ಮೇಲೂ ಕರುವಿನ ಚಿತ್ರ. ಎರಡು ವರ್ಷ ಅವಳು ಆ ಎರಡು ಪದಗಳ ಹಿಂದೆ ಅಡಗಿಕೊಂಡು ಪಾಠ ಕೇಳಿದಳು. ದಿನಾ ಶಾಲೆಗೆ ಹೋಗುವ ಮುಂಚೆ ನಿಂಬೆಹುಳಿ ಹಚ್ಚಿ ಕೈ ತಿಕ್ಕುತ್ತಿದ್ದಳು. ಅಷ್ಟು ತಿಕ್ಕುವ ಅಗತ್ಯವೇನಿತ್ತು ಎಂದು ಕತೆ ಹೇಳುತ್ತಿರುವ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಊರಿನ ಅರ್ಧ ಮನೆಗಳ ಒಲೆ ಉರಿದದ್ದು ಅದೇ ಕಾರ್ಖಾನೆಯಿಂದ.

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಅವಳ ಸರದಿ. ಐವಿನ್ ದೋಣಿಯನ್ನು ದಡದಲ್ಲೇ ಬಿಟ್ಟು ಅವಳನ್ನು ಕಾರಿನಲ್ಲಿ ಕರೆತಂದಿದ್ದ. ದಾರಿಯ ಎರಡೂ ಕಡೆ ಸಾಸಿವೆ ಹೊಲಗಳು ಹಳದಿಯಾಗಿದ್ದವು. ಒಳಗೆ ನಿಜವಾದ ಹಸಿರು ಬಟ್ಟೆಯ ಮೇಲೆ ಚೀಟಿಗಳು ಮಗುಚಿ ಬಿದ್ದಿದ್ದವು. ಬೋದಿಲ್ ಅಂಚಿನ ಒಂದನ್ನು ಎತ್ತಿದಳು. ಉಸಿರಾಟ, ರಕ್ತ ಪರಿಚಲನೆ, ಆಮ್ಲಗಳು. ಜೀರ್ಣಾಂಗ ಅಲ್ಲ ಎಂದು ಒಂದು ಕ್ಷಣ ಸಮಾಧಾನವಾಯಿತು. ಆಮೇಲೆ ಚೀಟಿಯ ಕೆಳಗಿನ ಸಾಲು ಕಂಡಿತು, ಹೃದಯ ಮತ್ತು ಶ್ವಾಸಕೋಶಗಳು ದೇಹದಲ್ಲಿ ಇರುವ ಸ್ಥಾನವನ್ನು ಚಿತ್ರದ ಮೂಲಕ ವಿವರಿಸಿ.

ತಯಾರಿಗೆ ಪಕ್ಕದ ಕೋಣೆಯಲ್ಲಿ ಇಪ್ಪತ್ತು ನಿಮಿಷ. ರಸಾಯನದ ಭಾಗವನ್ನು ಅವಳು ಬೇಗ ಬರೆದುಕೊಂಡಳು. ಚಿತ್ರಕ್ಕೆ ಬಂದಾಗ ಹಾಳೆಯ ಮೇಲೆ ಕಷ್ಟಪಟ್ಟು ತಲೆ ಮೇಲಿರುವ ಒಂದು ದೇಹ ಎಳೆದಳು. ಅದು ಸರಿಯೋ ತಪ್ಪೋ ಎಂದು ಎಷ್ಟು ನೋಡಿದರೂ ಹೇಳಲಾಗಲಿಲ್ಲ. ನೋಡಿದಷ್ಟೂ ಅದು ಅವಳಿಗೆ ಪರಕೀಯವಾಗಿ ಕಂಡಿತು.

ಕೋಣೆಯಲ್ಲಿ ಲಾವ್ರಿಡ್ಸ್ ಇದ್ದ, ಮೂವತ್ತೈದರ ಮೇಷ್ಟರು, ಸಣ್ಣ ದನಿಯವನು, ಕೆಟ್ಟವನೇನಲ್ಲ. ಅವನ ಪಕ್ಕದಲ್ಲಿ ಈ ಸಲದ ಹೊರಗಿನ ಪರೀಕ್ಷಕಿ ವಿಬೆಕೆ, ಅರವತ್ತರ ಹತ್ತಿರದ ನರೆಗೂದಲ ಹೆಂಗಸು, ಕೈಯಲ್ಲಿ ಪೆನ್ಸಿಲು. ಬೋದಿಲ್ ಹಲಗೆಯ ಮುಂದೆ ನಿಂತು ತನ್ನ ಹಾಳೆಯನ್ನು ನೋಡಿಕೊಂಡು ಬರೆಯತೊಡಗಿದಳು. ಶ್ವಾಸನಾಳ ಮೇಲಿನಿಂದ ಇಳಿಯಿತು, ಎರಡು ಶ್ವಾಸಕೋಶ ಬಂದವು. ಹೃದಯ ಬಂತು, ಅದರ ತುದಿಯನ್ನು ಯಾವ ಕಡೆ ವಾಲಿಸಬೇಕು ಎಂದು ಗೊತ್ತಾಗದೆ ಕೈ ನಿಂತಿತು. ಒಂದು ಕಡೆ ವಾಲಿಸಿ ಒರೆಸಿದಳು. ಇನ್ನೊಂದು ಕಡೆ ವಾಲಿಸಿ ಒರೆಸಿದಳು. ಹಿಂದೆ ಯಾರೋ ಕುರ್ಚಿ ಸರಿಸಿದ ಸದ್ದು. ಗೋಡೆಯ ಗಡಿಯಾರದಲ್ಲಿ ಆಗಲೇ ನಾಲ್ಕು ನಿಮಿಷ ಹೋಗಿತ್ತು. ಹೋದ ವರ್ಷದ ಅದೇ ಮೌನ ಕೋಣೆಯೊಳಗೆ ಕಾಲಿಡುತ್ತಿರುವುದು ಅವಳಿಗೆ ಗೊತ್ತಾಯಿತು. ಲಾವ್ರಿಡ್ಸ್ ಪಾಪ ಸಹಾಯ ಮಾಡಲು ಹೋಗಿ, ಗಾಬರಿ ಬೇಡ ಬೋದಿಲ್, ಅಂಗಗಳ ಸ್ಥಾನ ಬಿಟ್ಟು ಮುಂದೆ ಹೋಗೋಣವೇ ಎಂದ.

ಅಂಗಗಳ ಸ್ಥಾನ ಬಿಟ್ಟು. ಆ ಮಾತು ಅವಳಿಗೆ ಎಲ್ಲಿ ತಾಕಿತೋ, ಹಲಗೆಯ ಮೇಲಿದ್ದದ್ದನ್ನೆಲ್ಲ ಒಂದೇ ಸಲಕ್ಕೆ ಒರೆಸಿದಳು. ಆಮೇಲೆ ಹಾಳೆ ನೋಡದೆ, ಯೋಚಿಸದೆ, ಬರೆದಳು. ಎತ್ತಲಾರದ ಬಲಗೈಯನ್ನು ಎಡಗೈಯಿಂದ ಆನಿಸಿಕೊಂಡು ಬರೆದಳು. ಮೇಲೆ ಪಿತ್ತಜನಕಾಂಗದ ಹಾಲೆಗಳು, ಅದರ ಕೆಳಗೆ ಎದೆಹೊಟ್ಟೆಗಳ ನಡುವಿನ ಪೊರೆ, ಅದರ ಕೆಳಗೆ ಹೃದಯ, ಎರಡು ಕಡೆ ಶ್ವಾಸಕೋಶ, ತೀರಾ ಕೆಳಗೆ ಗಂಟಲು, ನಾಲಿಗೆಯ ಬುಡ. ಒಂದು ಗೆರೆಯೂ ನಡುಗಲಿಲ್ಲ. ಎರಡು ನಿಮಿಷ ಹಿಡಿಯಲಿಲ್ಲ. ಹಿಂದಿರುಗಿದಾಗ ಲಾವ್ರಿಡ್ಸ್‌ನ ಮುಖ ಚಿಕ್ಕದಾಗಿತ್ತು. ಅವನು ವಿಬೆಕೆಯ ಕಡೆ ನೋಡಿದ. ವಿಬೆಕೆ ಅವನ ಕಡೆ ನೋಡಲಿಲ್ಲ. ಹಲಗೆಯನ್ನೇ ನೋಡುತ್ತಿದ್ದಳು.

“ತುಂಬ ಚೆನ್ನಾಗಿ ಬರ್ದಿದೀರಿ. ಆದ್ರೆ ತಲೆಕೆಳಗಾಗಿದೆ. ಯಾಕೆ?”

ಬೋದಿಲ್ ಎಡಗೈಯಿಂದ ಹಲಗೆಯನ್ನು ತೋರಿಸಿದಳು. “ನಾನು ಕಸಾಯಿಖಾನೇಲಿ ಕೆಲ್ಸ ಮಾಡೋದು. ಇಪ್ಪತ್ತಾರು ವರ್ಷ ಆಯ್ತು. ಹಂದಿ ಹಿಂಗೇ ತೂಗ್ತಿರುತ್ತೆ, ಇದನ್ನೆಲ್ಲ ಕೈ ಹಾಕಿ ತೆಗೆಯೋದು ನಾನೇ. ನಂಗೆ ಎಲ್ಲಾ ಗೊತ್ತು. ಗೊತ್ತಿರೋದು ಈ ಕಡೆಯಿಂದ.”

ಯಾರೂ ನಗಲಿಲ್ಲ. ವಿಬೆಕೆ ಪೆನ್ಸಿಲು ಕೆಳಗಿಟ್ಟಳು. ಹಾಗಾದರೆ ಹಲಗೆ ಬಿಡಿ, ನಿಮ್ಮ ಮೈಮೇಲೇ ತೋರಿಸಿ ಎಂದಳು. ಬೋದಿಲ್ ಹಲಗೆಗೆ ಬೆನ್ನು ಮಾಡಿ ನಿಂತು ತನ್ನ ಬಲಪಕ್ಕೆಲುಬಿನ ಕೆಳಗೆ ಕೈಯಿಟ್ಟು, ಪಿತ್ತಜನಕಾಂಗ ಇಲ್ಲಿ ಎಂದಳು. ಹೃದಯ ನಡುವೆ, ತುದಿ ಎಡಕ್ಕೆ, ಇಲ್ಲಿ. ಎಡಗಡೆ ಶ್ವಾಸಕೋಶ ಸ್ವಲ್ಪ ಚಿಕ್ಕದು, ಹೃದಯಕ್ಕೆ ಜಾಗ ಬಿಡಬೇಕಲ್ಲ. ವಿಬೆಕೆ ಮುಂದಕ್ಕೆ ಬಾಗಿದಳು, ಹೃದಯದ ಎಡ ಬಲ ಕೋಣೆಗಳಿಗೆ ಏನು ವ್ಯತ್ಯಾಸ ಎಂದಳು. ಬೋದಿಲ್ ಹೆಬ್ಬೆರಳು ತೋರುಬೆರಳು ಸೇರಿಸಿ ಹಿಡಿದು ತೋರಿಸಿದಳು. ಬಲಗಡೆಯ ಗೋಡೆ ತೆಳು, ಅದು ರಕ್ತವನ್ನು ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು. ಎಡಗಡೆಯದು ಅದರ ಮೂರರಷ್ಟು ದಪ್ಪ, ಮೂತಿಯಿಂದ ಗೊರಸಿನತನಕ ತಳ್ಳಬೇಕು. ಗೊರಸು ಎಂದು ನಾಲಿಗೆ ಜಾರಿದ್ದಕ್ಕೆ ತಾನೇ ತಿದ್ದಿ ಕಾಲ್ಬೆರಳು ಎಂದಳು. ವಿಬೆಕೆ ಗೊರಸೇ ಇರಲಿ ಎಂದಳು.

ರಸಾಯನಕ್ಕೆ ಬಂದರು. ಉಸಿರಿನ ಇಂಗಾಲದ ಡೈಆಕ್ಸೈಡ್ ನೀರಿನ ಜೊತೆ ಸೇರಿ ಆಮ್ಲವಾಗುವ ಸಮೀಕರಣ ಬರೆಯುವಾಗ ಬೋದಿಲ್ ಎಂದಿನಂತೆ ಒಂದು ಆಮ್ಲಜನಕ ಕಳೆದಳು, ಲಾವ್ರಿಡ್ಸ್ ಕೆಮ್ಮಿದ ಮೇಲೆ ಹುಡುಕಿ ಸೇರಿಸಿದಳು. ಆಮ್ಲ ಹೆಚ್ಚಾದರೆ ಪಿಎಚ್ ಏನಾಗುತ್ತದೆ ಎಂದರೆ ಇಳಿಯುತ್ತದೆ ಎಂದಳು. ಜೀವಂತ ದೇಹದಲ್ಲಿ ಇದಕ್ಕೆ ಒಂದು ಉದಾಹರಣೆ ಗೊತ್ತೇ ಎಂದು ವಿಬೆಕೆ ಕೇಳಿದಳು. ಬೋದಿಲ್‌ಗೆ ಪುಸ್ತಕದಲ್ಲಿದ್ದ ಓಟಗಾರನ ಉದಾಹರಣೆ ನೆನಪಿತ್ತು. ಅದನ್ನು ಹೇಳಲಿಲ್ಲ. ಲಾರಿಯಿಂದ ಇಳಿಯುವಾಗ ಹಂದಿ ಹೆದರಿ ಒದ್ದಾಡಿದರೆ ಅದರ ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ, ಕೊಂದ ಮುಕ್ಕಾಲು ಗಂಟೆಯೊಳಗೆ ತೊಡೆಯ ಮಾಂಸಕ್ಕೆ ಸೂಜಿ ಚುಚ್ಚಿ ಪಿಎಚ್ ನೋಡಿದರೆ ಆರಕ್ಕಿಂತ ಕೆಳಗೆ ಬಿದ್ದಿರುತ್ತದೆ, ಆ ಮಾಂಸ ಬಿಳಿಚಿಕೊಂಡು ನೀರು ಬಿಡುತ್ತದೆ, ಹುರಿದರೆ ರಬ್ಬರು. ಅದಕ್ಕೇ ನಮ್ಮಲ್ಲಿ ಹಂದಿಗಳ ಹತ್ತಿರ ಯಾರೂ ಗದರಿ ಮಾತಾಡಬಾರದು ಎಂದು ಕಟ್ಟಪ್ಪಣೆ ಎಂದಳು. ಇಷ್ಟನ್ನೂ ಅವಳು ಹೇಳಿದ್ದು ಒಳ್ಳೆಯ ಟೊಮೇಟೊ ಹೇಗೆ ಆರಿಸಬೇಕು ಎಂದು ಪಕ್ಕದ ಮನೆಯವಳಿಗೆ ಹೇಳುವ ದನಿಯಲ್ಲಿ. ವಿಬೆಕೆ ಇನ್ನೂ ಮೂರು ಪ್ರಶ್ನೆ ಕೇಳಿದಳು. ಕೊನೆಯ ಎರಡು ಪರೀಕ್ಷೆಗೆ ಸಂಬಂಧಪಟ್ಟವಲ್ಲ, ಅವಳಿಗೇ ತಿಳಿಯಬೇಕಿತ್ತು.

ಸಮಯ ಮುಗಿದು ಬೋದಿಲ್‌ಳನ್ನು ಹೊರಗೆ ಕಳಿಸಿದರು. ಅಂಕ ಕೂಡುವ ತನಕ ಹೊರಗೆ ಕಾಯುವುದು ಪದ್ಧತಿ. ಐವಿನ್ ಕಿರಿದಾದ ಬೆಂಚಿನ ಮೇಲೆ, ಸಂತೋಷದ ದಿನ ಬೀಸುವ ಕಾಗದದ ಪುಟ್ಟ ಬಾವುಟ ಒಂದನ್ನು ಜೇಬಿನಲ್ಲಿ ಅರ್ಧ ಅಡಗಿಸಿಕೊಂಡು ಕೂತಿದ್ದ. ಗೆದ್ದರೆ ತೆಗೆಯೋಣ ಎಂದು ತಂದವನು. ಹೆಂಡತಿಗೆ ಸರಿದು ಜಾಗ ಕೊಟ್ಟ. ಅವಳು ಪಕ್ಕದಲ್ಲಿ ಕೂತು, ಹೇಳಿಬಿಟ್ಟೆ ಎಂದಳು. ಹಂದಿಯ ವಿಷಯವೇ ಎಂದ. ಹೌದು ಎಂದಳು. ನಕ್ಕರೇ ಎಂದ. ಇಲ್ಲ ಎಂದಳು. ಐವಿನ್ ತಲೆಯಾಡಿಸಿ, ಹಾಗಾದರೆ ಆದದ್ದಾಗಲಿ ಎಂದು ಅವಳ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತ. ಐದು ನಿಮಿಷ ಅವನು ಆ ಕೈ ತೆಗೆಯಲಿಲ್ಲ.

ಬಾಗಿಲು ತೆರೆಯಿತು. ಒಳಗೆ ಇಬ್ಬರೂ ಎದ್ದು ನಿಂತಿದ್ದರು. ಲಾವ್ರಿಡ್ಸ್ ಕಾಗದ ನೋಡದೆ ಹೇಳಿದ, ಏಳು. ಸಮೀಕರಣ ತಪ್ಪದಿದ್ದರೆ ಅದರ ಮೇಲಿನ ಮೆಟ್ಟಿಲು, ಹತ್ತು, ಕೊಡುತ್ತಿದ್ದೆವು ಎಂದು ವಿಬೆಕೆ ಸೇರಿಸಿದಳು. ಬೋದಿಲ್‌ಗೆ ಬೇಕಿದ್ದದ್ದು ಎರಡು. ಓಲ್ಬೋರ್ಗಿನ ಜಾಗ ಅವಳದಾಯಿತು. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಳು, ಕುಣಿಯಬೇಕು ಅನ್ನಿಸಲಿಲ್ಲ, ಅಳಬೇಕು ಅನ್ನಿಸಿತು. ವಿಬೆಕೆ ಮುಂದಿನ ವಿದ್ಯಾರ್ಥಿಯ ಕಾಗದ ತರಲು ಹೊರಗೆ ಹೋದಳು.

ಲಾವ್ರಿಡ್ಸ್ ನಿಂತಲ್ಲೇ ನಿಂತಿದ್ದ. ಹಲಗೆಯ ಮೇಲಿನ ಚಿತ್ರದ ಕಡೆ ಕೈ ತೋರಿಸಿದ.

“ಹೋದ್ ವರ್ಷ ಇದೇ ಥರ ತಲೆಕೆಳಗಾದ ಚಿತ್ರ ನಾನೂ ನೋಡಿದ್ದೆ, ಬೋದಿಲ್. ಎರಡು ವರ್ಷ ನಿಮ್ಗೆ ಪಾಠ ಹೇಳಿದೋನು ನಾನು. ಯಾಕೆ ಅಂತ ಒಂದ್ ಮಾತು ಕೇಳ್ಬೇಕಿತ್ತು.”

ಪರವಾಗಿಲ್ಲ ಬಿಡಿ ಎನ್ನುವುದು ನಮ್ಮ ಕಡೆಯ ರೂಢಿ. ಯಾರು ಕಾಲು ತುಳಿದರೂ ತುಳಿಸಿಕೊಂಡವರೇ ಮೊದಲು ಹಾಗನ್ನುತ್ತಾರೆ. ಆ ಮಾತು ಬೋದಿಲ್‌ಳ ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ.

“ಹೌದು, ಕೇಳ್ಬೇಕಿತ್ತು. ಹೋದ್ ವರ್ಷಾನೂ ನಂಗೆ ಇಷ್ಟೆಲ್ಲ ಗೊತ್ತಿತ್ತು.”

ಕೋಪದಿಂದ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಮೇಲೆ ಹೊರಡುವಾಗ ಎಲ್ಲರೂ ಮಾಡುವಂತೆ ಮೇಷ್ಟರ ಕೈಕುಲುಕಲು ಬಲಗೈ ಚಾಚಿದಳು. ಹಲಗೆಯ ಮೇಲೆ ಬರೆದು ಸೋತಿದ್ದ ಅದು ಸೊಂಟಕ್ಕಿಂತ ಮೇಲೆ ಏಳಲಿಲ್ಲ. ಹೋದ ಜೂನಿನಲ್ಲಿ ಆ ಕೈ ಹಲಗೆಯ ಮೇಲ್ತುದಿಯನ್ನು ಮುಟ್ಟಿತ್ತು, ಆಮೇಲೆ ಇನ್ನೊಂದು ವರ್ಷ ಕಸಾಯಿಖಾನೆಯ ಸಾಲಿನಲ್ಲಿ ದುಡಿದಿತ್ತು. ಲಾವ್ರಿಡ್ಸ್‌ಗೆ ಅದು ನೆನಪಾಯಿತು ಎಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಅವನು ಮೇಜು ಸುತ್ತಿಕೊಂಡು ಬಂದು, ಬಗ್ಗಿ, ಆ ಕೈಯನ್ನು ಇದ್ದ ಎತ್ತರದಲ್ಲೇ ಎರಡೂ ಕೈಯಿಂದ ಹಿಡಿದುಕೊಂಡ.